ಬೀಡಿನ ಬಾಣಲೆಯಲ್ಲಿ ಮುಂಡಪ್ಪ ಕಾಬ್ಲರ್ ಗೆದ್ದಿತು, ಅನಾನಸ್ ಸೋತಿತು: ಕಾರಣ ಬಲ್ಲವರು ಹೇಳಿ

ಬಿಜೈ ಅಡುಗೆಮನೆ:

ಎಲ್ಲರಿಗೂ ನಮಸ್ಕಾರ. ಈ ತಿಂಗಳಲ್ಲಿ ನಾಲ್ಕು ಸಲ ಕಾಬ್ಲರ್ ಮಾಡಿದ್ದೇನೆ. ಮೂರು ಸಲ ಮುಂಡಪ್ಪ ಮಾವಿನದು, ಮೂರೂ ಚೆನ್ನಾಗಿ ಬಂದವು. ಮೊನ್ನೆ ಭಾನುವಾರ ಅನಾನಸ್ ಹಾಕಿದೆ. ಅದು ಪೂರ್ತಿ ಕೆಟ್ಟಿತು. ಬಾಣಲೆಯೂ ಕೆಟ್ಟಿತೋ ಎಂಬ ಭಯ ಹುಟ್ಟಿದೆ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಕಾಬ್ಲರ್ ತಿಂದು ಗೊತ್ತಿಲ್ಲದವರಿಗೆ ಎರಡು ಮಾತು. ಇದು ಅಮೆರಿಕದವರ ಮನೆ ಸಿಹಿ. ಹಣ್ಣು ತನ್ನ ರಸದಲ್ಲೇ ಬೆಂದು ತಳದಲ್ಲಿ ಉಳಿಯುತ್ತದೆ, ಹಿಟ್ಟು ಅದರ ಸುತ್ತ ಉಬ್ಬಿ ಮೇಲೆ ಬಂದು ಕೆಂಪಗಾಗುತ್ತದೆ. ಕೇಕಿನ ಹಾಗೆ ತುಂಡು ಮಾಡಲು ಬರುವುದಿಲ್ಲ, ಸೌಟಿನಲ್ಲಿ ತೆಗೆದು ಬಟ್ಟಲಿಗೆ ಹಾಕಬೇಕು. ಮೊಟ್ಟೆ ಬೇಡ. ನಮ್ಮ ಮನೆಯಲ್ಲಿ ಮೊಟ್ಟೆ ತರುವುದಿಲ್ಲ, ನಾನು ಮೊದಲು ಇದರತ್ತ ಒಲಿದದ್ದೇ ಆ ಕಾರಣಕ್ಕೆ.

ನನ್ನ ಬಾಣಲೆ ಬೀಡಿನದು, ಅಂದರೆ ಎರಕದ ಕಬ್ಬಿಣದ್ದು, ಚಪ್ಪಟೆ ತಳ, 25 ಸೆಂ.ಮೀ. ಅಗಲ, ಒಂದು ಹಿಡಿ. ಓವನ್ನನ್ನು 180 ಡಿಗ್ರಿಗೆ ಇಟ್ಟು, ಅದು ಕಾಯುವಾಗಲೇ ಬಾಣಲೆಗೆ 100 ಗ್ರಾಂ ಬೆಣ್ಣೆ ಹಾಕಿ ಒಳಗಿಡುತ್ತೇನೆ. ಅತ್ತ 125 ಗ್ರಾಂ ಮೈದಾ, 150 ಗ್ರಾಂ ಸಕ್ಕರೆ, ಒಂದೂವರೆ ಚಹಾ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, 240 ಮಿ.ಲೀ. ಹಾಲು ಕಲಸುತ್ತೇನೆ. ಹದ ಹೇಳುವುದಾದರೆ ನೀರುದೋಸೆ ಹಿಟ್ಟಿಗಿಂತ ದಪ್ಪ, ಉದ್ದಿನ ದೋಸೆ ಹಿಟ್ಟಿಗಿಂತ ತೆಳು. ಗಂಟು ಹೋಗುವಷ್ಟು ಕಲಸಿದರೆ ಸಾಕು, ತುಂಬಾ ಬೀಸಿದರೆ ಮೈದಾ ನಾರಿನ ಹಾಗೆ ಗಟ್ಟಿಯಾಗುತ್ತದೆ.

ಬೆಣ್ಣೆ ಕರಗಿ, ನೊರೆ ತಗ್ಗಿ, ತುಪ್ಪ ಆಗುವ ತುಸು ಮೊದಲು ಬರುತ್ತದಲ್ಲ ಒಂದು ಪರಿಮಳ, ಆಗ ಬಾಣಲೆಯನ್ನು ಹೊರಗೆ ತೆಗೆಯಬೇಕು. ಹಿಟ್ಟನ್ನು ಬೆಣ್ಣೆಯ ನಡುವೆ ಒಮ್ಮೆಲೇ ಸುರಿಯಬೇಕು. ಚುಂಯ್ ಎಂದು ಅಂಚು ಅಲ್ಲೇ ಗಟ್ಟಿಯಾಗುತ್ತದೆ, ಬೆಣ್ಣೆ ಪಕ್ಕದಿಂದ ಮೇಲೆ ಹತ್ತಿ ಹಿಟ್ಟಿನ ಮೇಲೆ ಹೊಳೆಯುತ್ತದೆ. ಕಲಕಬಾರದು. ಅದರ ಮೇಲೆ ಅರ್ಧ ಕಿಲೋ ಹಣ್ಣಿನ ಹೋಳು ಹರಡಿ ಮತ್ತೆ ಒಳಗಿಡಬೇಕು. ಆಗಲೂ ಕಲಕಬಾರದು. ಹಣ್ಣು ಭಾರಕ್ಕೆ ಇಳಿಯುತ್ತದೆ, ಹಿಟ್ಟು ಉಬ್ಬಿ ಅದನ್ನು ಮುಚ್ಚುತ್ತದೆ. 45 ನಿಮಿಷಕ್ಕೆ ಮುಂಡಪ್ಪ ಸಿದ್ಧ.

ಅನಾನಸ್ಸಿನಲ್ಲಿ ಆದದ್ದು ಹೀಗೆ. ಹಸಿ ಹೋಳುಗಳನ್ನೇ ಹಾಕಿದೆ. ಒಂದು ಗಂಟೆ ಹತ್ತು ನಿಮಿಷ ಕಳೆದರೂ ನಡು ಭಾಗ ಹಿಟ್ಟಾಗಿಯೇ ಇತ್ತು. ಹೋಳು ಬಾಣಲೆಯ ಗೋಡೆಗೆ ತಾಗಿದ ಕಡೆಯೆಲ್ಲ ಹಿಟ್ಟು ಬೂದು ಬಣ್ಣಕ್ಕೆ ತಿರುಗಿತು. ಬಾಯಿಗಿಟ್ಟರೆ ತುಕ್ಕಿನ ರುಚಿ, ಹಿಂದೆಯೇ ಒಂದು ಕಹಿ. ತೊಳೆಯುವಾಗ ಬಾಣಲೆಯ ಅಂಚಿನ ಕಪ್ಪು ಹಾಳೆ ಹಾಳೆಯಾಗಿ ಎದ್ದು ಬಂತು. ಎಲ್ಲಿ ತಪ್ಪಿದೆ?

ಉದ್ಯಾವರದ ಅಮ್ಮ:

ಮಗಳೇ, ಕಬ್ಬಿಣಕ್ಕೆ ಹುಳಿ ಹಾಕಿದ್ದೇ ತಪ್ಪು. ನಮ್ಮ ಮನೆಯಲ್ಲಿ ದೋಸೆ ಕಾವಲಿ ನನ್ನ ಅತ್ತೆಯ ಕಾಲದ್ದು. ಅದರಲ್ಲಿ ಒಮ್ಮೆಯೂ ಹುಣಸೆ, ಪುನರ್ಪುಳಿ, ಟೊಮೆಟೊ ಮುಟ್ಟಿಸಿಲ್ಲ. ಗುಳಿಯಪ್ಪದ ಕಾವಲಿಯೂ ಹಾಗೆಯೇ. ಹೊಸ ಕಾವಲಿ ತಂದರೆ ಮೂರು ದಿನ ಅಕ್ಕಿ ತೊಳೆದ ನೀರಿನಲ್ಲಿ ನೆನೆಸಿ, ತೊಳೆದು, ತೆಂಗಿನೆಣ್ಣೆ ಸವರಿ, ಅರ್ಧ ನೀರುಳ್ಳಿಯಿಂದ ತಿಕ್ಕಿ ತಿಕ್ಕಿ ಕಾಯಿಸಿ ಪಳಗಿಸುತ್ತಿದ್ದೆವು. ನಿಮ್ಮ ಬಾಣಲೆ ತಂದು ಎಷ್ಟು ಸಮಯವಾಯಿತು?

ಬಿಜೈ ಅಡುಗೆಮನೆ:

ಎರಡು ತಿಂಗಳು ಆಗಿಲ್ಲ ಅಮ್ಮಾ. ಪಳಗಿಸಿಯೇ ಮಾರುವುದು ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು, ನಾನು ಅದನ್ನೇ ನಂಬಿದೆ.

ಬಂದರು ಹಾರ್ಡ್‌ವೇರ್:

ಬಂದರಿನಲ್ಲಿ ನಮ್ಮದು ಕಬ್ಬಿಣದ ಸಾಮಾನಿನ ಅಂಗಡಿ, ತಂದೆಯವರ ಕಾಲದಿಂದ. ಅಕ್ಕಾ, ಬಾಣಲೆ ಕೆಟ್ಟಿಲ್ಲ, ಹೆದರಬೇಡಿ. ಬೀಡು ಕೆಡುವುದು ಎರಡೇ ರೀತಿಯಲ್ಲಿ: ಕೆಳಗೆ ಬಿದ್ದು ಒಡೆದರೆ, ಇಲ್ಲವೇ ಕೆಂಪಗೆ ಕಾದಾಗ ತಣ್ಣೀರು ಸುರಿದು ಬಿರುಕು ಬಿಟ್ಟರೆ. ಉಳಿದದ್ದಕ್ಕೆಲ್ಲ ಮದ್ದಿದೆ.

ಆ ಕಪ್ಪು ಹಾಳೆ ಕಬ್ಬಿಣವಲ್ಲ, ಎಣ್ಣೆ. ತೆಳ್ಳಗೆ ಸವರಿದ ಎಣ್ಣೆ ಹೆಚ್ಚು ಶಾಖದಲ್ಲಿ ಗಟ್ಟಿಯಾಗಿ ಕಬ್ಬಿಣಕ್ಕೆ ಅಂಟಿ ಹೊಳೆಯುವ ಪದರವಾಗುತ್ತದೆ. ಪಳಗುವುದು ಎಂದರೆ ಅಷ್ಟೇ. ಅಂಗಡಿಯಿಂದ ಬರುವಾಗ ಇರುವುದು ಒಂದೆರಡು ಪದರ ಮಾತ್ರ. ಅನಾನಸ್ಸಿನ ಹುಳಿ ಒಂದು ಗಂಟೆ ಬಿಸಿಯಾಗಿ ನಿಂತರೆ ಆ ತೆಳು ಪದರವನ್ನು ಎಬ್ಬಿಸಿ ಕಬ್ಬಿಣವನ್ನು ಮುಟ್ಟುತ್ತದೆ. ತುಕ್ಕಿನ ರುಚಿಯೂ ಬೂದು ಬಣ್ಣವೂ ಅಲ್ಲಿಂದಲೇ ಬಂದದ್ದು. ಆರೋಗ್ಯಕ್ಕೆ ಅಪಾಯವೇನಿಲ್ಲ, ರುಚಿಗೆ ಮಾತ್ರ.

ಉದ್ಯಾವರದ ಅಮ್ಮನವರ ಮಾತಿಗೆ ಒಂದು ತಿದ್ದುಪಡಿ, ಗೌರವದಿಂದಲೇ ಹೇಳುತ್ತೇನೆ. ತೆಂಗಿನೆಣ್ಣೆ ದಿನವೂ ದೋಸೆ ಹೊಯ್ಯುವ ಕಾವಲಿಗೆ ಸರಿ. ಪದರ ಹೊಸದಾಗಿ ಕಟ್ಟುವುದಕ್ಕೆ ಅದು ನಿಧಾನ, ಏಕೆಂದರೆ ಅದು ಸುಲಭದಲ್ಲಿ ಒಣಗಿ ಗಟ್ಟಿಯಾಗುವ ಜಾತಿಯ ಎಣ್ಣೆಯಲ್ಲ. ಸೂರ್ಯಕಾಂತಿ ಎಣ್ಣೆ ತೆಗೆದುಕೊಳ್ಳಿ. ಎದ್ದ ಹಾಳೆಗಳನ್ನು ತೆಂಗಿನ ನಾರಿನಿಂದ ತಿಕ್ಕಿ ತೆಗೆಯಿರಿ, ಒಲೆಯ ಮೇಲಿಟ್ಟು ನೀರಿನ ಪಸೆ ಆರಿಸಿ, ಎಣ್ಣೆ ಸವರಿ. ಸವರಿದ ಮೇಲೆ ಒಣ ಬಟ್ಟೆಯಿಂದ ಒರೆಸಿಬಿಡಿ, ಎಣ್ಣೆ ಹಾಕಿಯೇ ಇಲ್ಲವೇನೋ ಎನ್ನುವಷ್ಟು. ಎಲ್ಲರೂ ತಪ್ಪುವುದು ಇಲ್ಲಿಯೇ. ಎಣ್ಣೆ ಹೆಚ್ಚಾದರೆ ಗೋಂದಿನ ಹಾಗೆ ಅಂಟುತ್ತದೆ. ಓವನ್ನಿನಲ್ಲಿ 230 ಡಿಗ್ರಿಗೆ ಒಂದು ಗಂಟೆ ಕವುಚಿ ಇಡಿ, ಅಲ್ಲೇ ತಣಿಯಲು ಬಿಡಿ. ಹೀಗೆ ಮೂರು ನಾಲ್ಕು ಸಲ.

ಉದ್ಯಾವರದ ಅಮ್ಮ:

ಒಪ್ಪಿದೆ ಮಗಾ. ನಮ್ಮದು ನಲವತ್ತು ವರ್ಷದ ದೋಸೆಯ ಪದರ, ಒಂದು ಗಂಟೆಯದ್ದಲ್ಲ. ಆದರೆ ಮಳೆಗಾಲದ ಮಾತು ಹೇಳದೆ ಬಿಡಬೇಡ. ಜೂನ್ ಬಂದರೆ ನಮ್ಮಲ್ಲಿ ಗೋಡೆಯೇ ಬೆವರುತ್ತದೆ. ತೊಳೆದ ಬಾಣಲೆಯನ್ನು ಒರೆಸಿ ಇಟ್ಟರೆ ಸಾಲದು, ಬೆಳಿಗ್ಗೆ ನೋಡಿದರೆ ಕೆಂಪು ಹುಡಿ ಕೂತಿರುತ್ತದೆ. ಒಲೆಯ ಮೇಲೆ ಕಾಯಿಸಿ, ಬಿಸಿ ಇರುವಾಗಲೇ ಎಣ್ಣೆ ಮುಟ್ಟಿಸಿ, ಕಾಗದದಲ್ಲಿ ಸುತ್ತಿ ಇಡಬೇಕು.

ಬೆಳ್ತಂಗಡಿ ತೋಟ:

ಬಾಣಲೆಯ ಮಾತಾಯಿತು, ಇನ್ನು ಹಣ್ಣಿನದು. ರಬ್ಬರ್ ಸಸಿಗಳ ನಡುವೆ ನಾವು ಅನಾನಸ್ ಹಾಕುತ್ತೇವೆ, ಅದರ ಗುಣ ಸ್ವಲ್ಪ ಬಲ್ಲೆ.

ಕಹಿ ಬಂದದ್ದು ಕಬ್ಬಿಣದಿಂದಲ್ಲ, ಹಾಲಿನಿಂದ. ಹಸಿ ಅನಾನಸ್ಸಿನಲ್ಲಿ ಬ್ರೊಮೆಲೈನ್ ಎಂಬ ಕಿಣ್ವವಿದೆ, ಅದು ಹಾಲಿನ ಪ್ರೋಟೀನನ್ನು ಕತ್ತರಿಸಿ ಕಹಿ ಮಾಡುತ್ತದೆ. ಅನಾನಸ್ ತಿಂದಾಗ ನಾಲಿಗೆ ಉರಿಯುವುದಕ್ಕೂ ಅದು ಒಂದು ಕಾರಣ. ಕುದಿಸಿದರೆ ಆ ಕಿಣ್ವ ಸಾಯುತ್ತದೆ. ಆದ್ದರಿಂದ ಹಿಟ್ಟಿಗೆ ಹಾಕುವ ಮೊದಲು ಹಣ್ಣು ಒಮ್ಮೆ ಬೇಯಲೇಬೇಕು.

ನೀರು ಇನ್ನೊಂದು ತೊಂದರೆ. ಮಾರುಕಟ್ಟೆಯಲ್ಲಿ ಸಿಗುವ ದೊಡ್ಡ ಹಣ್ಣು ಹೆಚ್ಚಾಗಿ ಕ್ಯೂ ಜಾತಿಯದು, ರಸ ತುಂಬಾ. ಚಿಕ್ಕ ಹಣ್ಣು, ಆಳವಾದ ಕಣ್ಣು, ಒಳಗೆ ಗಾಢ ಹಳದಿ ಇದ್ದರೆ ಅದು ಕ್ವೀನ್ ಗುಂಪಿನದು, ಮಾರಿಷಸ್ ಎಂದು ಮಾರುವುದೂ ಅದನ್ನೇ. ರಸ ಕಡಿಮೆ, ಸಿಹಿ ಹೆಚ್ಚು. ನಿಮಗೆ ಬೇಕಾದದ್ದು ಅದು. ನಡುವಿನ ದಿಂಡು ತೆಗೆದು ಬೆರಳಿನ ಗೆಣ್ಣಿನಷ್ಟು ಹೋಳು ಮಾಡಿ, ನಿಮ್ಮ 150 ಗ್ರಾಂ ಸಕ್ಕರೆಯಲ್ಲಿ 50 ಗ್ರಾಮನ್ನು ಅದಕ್ಕೆ ಬೆರೆಸಿ ಅರ್ಧ ಗಂಟೆ ಇಡಿ. ಬಿಟ್ಟ ರಸವನ್ನು ಸ್ಟೀಲ್ ಪಾತ್ರೆಗೆ ಸೋಸಿ ಬತ್ತಿಸಿ. ಎರಡು ಬೆರಳಿನ ನಡುವೆ ಅಂಟುವಷ್ಟಾದಾಗ ಹೋಳುಗಳನ್ನೂ ಹಾಕಿ ಎಂಟು ಹತ್ತು ನಿಮಿಷ ಕುದಿಸಿ, ತಣಿಸಿ. ಗೊಜ್ಜಿಗೆ ಬೇಯಿಸುವ ಹಾಗೆಯೇ, ಖಾರ ಮಾತ್ರ ಇಲ್ಲ.

ಬಿಜೈ ಅಡುಗೆಮನೆ:

ಅಣ್ಣಾ, ಇದು ಹೊಳೆದೇ ಇರಲಿಲ್ಲ. ಮುಂಡಪ್ಪ ಹಸಿಯಾಗಿಯೇ ನಡೆಯಿತಲ್ಲ ಎಂದು ಎಲ್ಲ ಹಣ್ಣಿಗೂ ಅದೇ ದಾರಿ ಹಿಡಿದೆ. ಮುಂಡಪ್ಪಕ್ಕೆ ನಾರು ಕಡಿಮೆ, ತಿರುಳು ಗಟ್ಟಿ, ಹುಳಿ ಇಲ್ಲವೆನ್ನುವಷ್ಟು. ಬೆಂದ ಮೇಲೂ ಹೋಳು ಹೋಳಾಗಿಯೇ ನಿಲ್ಲುತ್ತದೆ.

ಕುಂದಾಪುರದಿಂದ ಅಟ್ಲಾಂಟಾ:

ನಾನು ಅಮೆರಿಕದ ಜಾರ್ಜಿಯಾದಲ್ಲಿ ಆರು ವರ್ಷ ಇದ್ದು ಈಗ ಊರಿಗೆ ಮರಳಿದವಳು. ಅಲ್ಲಿ ಕಾಬ್ಲರ್ ಎಂದರೆ ಪೀಚ್. ಬೇಸಿಗೆಯಲ್ಲಿ ರಸ್ತೆ ಬದಿಯಲ್ಲಿ ಬುಟ್ಟಿ ಬುಟ್ಟಿ ಪೀಚ್ ಇಟ್ಟು ಮಾರುತ್ತಾರೆ, ನಮ್ಮಲ್ಲಿ ಹೆದ್ದಾರಿ ಬದಿಯಲ್ಲಿ ಕಲ್ಲಂಗಡಿ ರಾಶಿ ಹಾಕುವ ಹಾಗೆ. ಪಕ್ಕದ ಮನೆಯ ಅಜ್ಜಿ ಮಾಡುತ್ತಿದ್ದದ್ದು ಬಿಜೈಯವರು ಬರೆದ ಕ್ರಮದಲ್ಲೇ: ಬೆಣ್ಣೆ ಮೊದಲು, ಹಿಟ್ಟು ಆಮೇಲೆ, ಹಣ್ಣು ಕೊನೆಗೆ. ಇನ್ನೊಂದು ಕ್ರಮದಲ್ಲಿ ಹಣ್ಣು ಕೆಳಗಿರುತ್ತದೆ, ಬೆಣ್ಣೆ ಉಜ್ಜಿದ ಮೃದು ಕಣಕವನ್ನು ಮುದ್ದೆ ಮುದ್ದೆಯಾಗಿ ಮೇಲಿಡುತ್ತಾರೆ. ಬೆಂದಾಗ ಅದು ಗುಂಡುಕಲ್ಲು ಹಾಸಿದ ಹಳೆಯ ಬೀದಿಯ ಹಾಗೆ ಕಾಣುತ್ತದೆ, ಕಾಬ್ಲರ್ ಎಂಬ ಹೆಸರು ಬಂದದ್ದು ಅದರಿಂದಲೇ ಎಂದು ಹೇಳುವವರಿದ್ದಾರೆ.

ಬ್ರಿಟನ್ನಿನಿಂದ ಹೋಗಿ ನೆಲೆಸಿದವರಿಗೆ ಅಲ್ಲಿ ತಮ್ಮ ಊರಿನ ಪುಡಿಂಗ್ ಮಾಡುವ ಸಾಮಗ್ರಿಯೂ ಪಾತ್ರೆಯೂ ಸಿಗಲಿಲ್ಲ. ಇದ್ದ ಹಣ್ಣು, ಇದ್ದ ಹಿಟ್ಟು, ಇದ್ದ ಕಬ್ಬಿಣದ ಪಾತ್ರೆ, ಬೆಂಕಿ. ಅಷ್ಟರಲ್ಲೇ ಹುಟ್ಟಿದ ಅಡುಗೆ ಇದು. ಬೀಡಿನ ಪಾತ್ರೆ ಅವರಿಗೆ ಎಷ್ಟು ಹತ್ತಿರ ಎಂದರೆ, ಟೆನ್ನೆಸ್ಸಿಯ ಸೌತ್ ಪಿಟ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ 1896ರಲ್ಲಿ ಶುರುವಾದ ಲಾಡ್ಜ್ ಎರಕದ ಕಾರ್ಖಾನೆ ಇಂದಿಗೂ ಬಾಣಲೆ ಎರೆಯುತ್ತಿದೆ. ಅಜ್ಜಿಯ ಬಾಣಲೆ ಅವರ ತಾಯಿಯದು. ಅದನ್ನು ಅವರು ಯಾರ ಕೈಗೂ ತೊಳೆಯಲು ಕೊಡುತ್ತಿರಲಿಲ್ಲ. ಉದ್ಯಾವರದ ಅಮ್ಮನವರ ಮಾತು ಓದುವಾಗ ನನಗೆ ಅವರೇ ನೆನಪಾದರು.

ಪೀಚ್ ಕೂಡ ಹುಳಿ ಹಣ್ಣೇ. ಅಜ್ಜಿ ಹೇಳುತ್ತಿದ್ದದ್ದು ಇಷ್ಟು: ಪಳಗಿದ ಬಾಣಲೆಯಾದರೆ ಬೇಯುವ ಒಂದು ಗಂಟೆಗೆ ಏನೂ ಆಗುವುದಿಲ್ಲ, ಆದರೆ ಉಳಿದದ್ದನ್ನು ರಾತ್ರಿಯಿಡೀ ಅದರಲ್ಲೇ ಬಿಡಬೇಡ.

ಮಣಿಪಾಲ ಬಾಡಿಗೆ ಕೋಣೆ:

ನನ್ನ ಕೋಣೆಯಲ್ಲಿ ಒಂದೇ ಗ್ಯಾಸ್ ಒಲೆ, ಓವನ್ ಇಲ್ಲ. ತಾಯಿ ಕೊಟ್ಟ 20 ಸೆಂ.ಮೀ.ಯ ಬೀಡಿನ ಬಾಣಲೆ ಇದೆ, ಮುಚ್ಚಳವೂ ಇದೆ. ಆಗುತ್ತದೆಯೇ?

ಕುಂದಾಪುರದಿಂದ ಅಟ್ಲಾಂಟಾ:

ಆಗುತ್ತದೆ ತಮ್ಮಾ, ಹೆಸರು ಮಾತ್ರ ಬೇರೆ. ಅಮೆರಿಕದ ಈಶಾನ್ಯದಲ್ಲಿ, ನ್ಯೂ ಇಂಗ್ಲೆಂಡ್ ಕಡೆ, ಇದನ್ನು ಒಲೆಯ ಮೇಲೆಯೇ ಮುಚ್ಚಿ ಬೇಯಿಸುತ್ತಾರೆ, ಗ್ರಂಟ್ ಎಂದೋ ಸ್ಲಂಪ್ ಎಂದೋ ಕರೆಯುತ್ತಾರೆ. ಹಣ್ಣನ್ನು ಸಕ್ಕರೆಯೊಂದಿಗೆ ಬಾಣಲೆಯಲ್ಲಿ ಕುದಿಸು. ಹಿಟ್ಟನ್ನು ಇಡ್ಲಿ ಹಿಟ್ಟಿಗಿಂತಲೂ ದಪ್ಪಗೆ ಕಲಸಿ, ಕುದಿಯುವ ರಸದ ಮೇಲೆ ಚಮಚದಿಂದ ಗುಂಪು ಗುಂಪಾಗಿ ಹಾಕು. ಉರಿ ತಗ್ಗಿಸಿ ಮುಚ್ಚಿ 15 ನಿಮಿಷ ತೆರೆಯಬೇಡ. ಮೇಲೆ ಕೆಂಪಗಾಗುವುದಿಲ್ಲ, ಕಡುಬಿನ ಹಾಗೆ ಬೆಳ್ಳಗೆ ಮೆತ್ತಗೆ ಇರುತ್ತದೆ. ಐಸ್‌ಕ್ರೀಮ್ ಹಾಕಿಕೊಂಡರೆ ಯಾವ ಕೊರತೆಯೂ ತೋರುವುದಿಲ್ಲ.

ಪುತ್ತೂರಿನ ಹಲಸು:

ಮೇಲೆಯೂ ಕೆಂಪಗಾಗಬೇಕು, ಓವನ್ನೂ ಇಲ್ಲ ಎಂದರೆ ನಮ್ಮ ಹಿರಿಯರು ಏನು ಮಾಡುತ್ತಿದ್ದರು ಎಂದು ಯಾರೂ ಕೇಳಲಿಲ್ಲವಲ್ಲ! ಕೆಂಡದಡ್ಯೆ ಮರೆತಿರಾ? ನೆನೆಸಿದ ಅಕ್ಕಿ, ಹಲಸಿನ ಹಣ್ಣು, ಬೆಲ್ಲ, ತೆಂಗಿನಕಾಯಿ ರುಬ್ಬಿ, ಬಾಳೆಲೆ ಹಾಸಿದ ದಪ್ಪ ಪಾತ್ರೆಗೆ ಹೊಯ್ದು, ಕೆಳಗೆ ಕೆಂಡ, ಮುಚ್ಚಳದ ಮೇಲೆಯೂ ಕೆಂಡ. ನನ್ನ ಅಜ್ಜಿ ಮಾಡುವಾಗ ನಾನು ಬಚ್ಚಲೊಲೆಯ ಪಕ್ಕ ಕೂತು ಕಾಯುತ್ತಿದ್ದೆ. ಬಾಳೆಲೆ ಕರಕಲಾಗುವ ವಾಸನೆ ಬಂದ ಮೇಲೂ ಅವರು ಮುಚ್ಚಳ ತೆಗೆಯುತ್ತಿರಲಿಲ್ಲ. ಎಲೆಯ ವಾಸನೆ ಹೋಗಿ ಬೆಲ್ಲದ ವಾಸನೆ ಬರಬೇಕು, ಆಗ ತೆಗೆಯುತ್ತಿದ್ದರು. ಅಂಚಿನ ಕರಕಲು ತುಂಡಿಗೆ ಮಕ್ಕಳಲ್ಲಿ ಜಗಳ.

ಕಳೆದ ವರ್ಷ ನಾನು ಅಂಗಳದಲ್ಲಿ ಹೀಗೆಯೇ ಹಲಸಿನ ಕಾಬ್ಲರ್ ಮಾಡಿದೆ. ತೆಂಗಿನ ಗೆರಟೆಯ ಕೆಂಡ ಒಳ್ಳೆಯದು, ಹೊಗೆ ಕಡಿಮೆ, ಕಾವು ಸಮ. ಮೂರು ಪಾಲು ಕೆಂಡದಲ್ಲಿ ಎರಡು ಪಾಲು ಮುಚ್ಚಳದ ಮೇಲೆ, ಒಂದು ಪಾಲು ಕೆಳಗೆ. ತಿರುಗಾ ಮುರುಗಾ ಆದರೆ ತಳ ಸೀಯುತ್ತದೆ, ಏಕೆಂದರೆ ಬೀಡು ಒಮ್ಮೆ ಕಾದರೆ ಬೇಗ ತಣಿಯುವುದಿಲ್ಲ. ಮುಚ್ಚಳ ಚಪ್ಪಟೆಯಾಗಿದ್ದು ಅಂಚು ಇರಬೇಕು, ಇಲ್ಲವಾದರೆ ತೆಗೆಯುವಾಗ ಬೂದಿ ಒಳಗೆ ಬೀಳುತ್ತದೆ. ಮಣಿಪಾಲದ ತಮ್ಮ, ನೀನು ಇದನ್ನು ಕೋಣೆಯೊಳಗೆ ಖಂಡಿತ ಮಾಡಬೇಡ. ಕೆಂಡದ ವಿಷಗಾಳಿಗೆ ವಾಸನೆ ಇಲ್ಲ, ಮುಚ್ಚಿದ ಕೋಣೆಯಲ್ಲಿ ಜೀವ ತೆಗೆಯುತ್ತದೆ. ಅಂಗಳ ಇರುವ ಗೆಳೆಯರ ಮನೆಗೆ ಹೋಗು.

ಕುಂದಾಪುರದಿಂದ ಅಟ್ಲಾಂಟಾ:

ಅಣ್ಣಾ, ಅಲ್ಲಿ ಕಾಡಿನಲ್ಲಿ ಡೇರೆ ಹಾಕಿದವರು ಮಾಡುವುದೂ ಇದನ್ನೇ! ಡಚ್ ಓವನ್ ಎಂಬ ಮೂರು ಕಾಲಿನ ಬೀಡಿನ ಪಾತ್ರೆ, ಮುಚ್ಚಳಕ್ಕೆ ಎತ್ತರದ ಅಂಚು, ಅದರ ಮೇಲೆ ಕೆಂಡ. ಆರು ವರ್ಷ ಅದನ್ನು ನೋಡಿದರೂ ಕೆಂಡದಡ್ಯೆ ನನ್ನ ನೆನಪಿಗೆ ಬಂದಿರಲಿಲ್ಲ.

ಉದ್ಯಾವರದ ಅಮ್ಮ:

ಹಲಸು ಯಾವುದು ಹಾಕಿದಿರಿ? ಗಟ್ಟಿ ಸೊಳೆಯ ಬಕ್ಕೆಯೋ ಮೆತ್ತನೆಯ ತುಳುವನೋ?

ಪುತ್ತೂರಿನ ಹಲಸು:

ಬಕ್ಕೆ ಅಮ್ಮಾ. ತುಳುವ ಕೆಂಡದಡ್ಯೆಗೂ ಗಟ್ಟಿ ಎಂಬ ಕಡುಬಿಗೂ ಸರಿ, ಅಲ್ಲಿ ಹಣ್ಣು ಹಿಟ್ಟಿನೊಳಗೆ ಕರಗಿಯೇ ಹೋಗಬೇಕು. ಕಾಬ್ಲರಿನಲ್ಲಿ ಹಣ್ಣು ಹಣ್ಣಾಗಿ ಹಲ್ಲಿಗೆ ಸಿಗಬೇಕು. ಬಕ್ಕೆಯ ಸೊಳೆಯನ್ನು ಬೆರಳಗಲ ಸೀಳಿ, ಓಲೆಬೆಲ್ಲ ತುರಿದು ಬೆರೆಸಿ ಐದು ನಿಮಿಷ ಬಾಡಿಸಿದೆ. ಹಾಲಿನಲ್ಲಿ ಅರ್ಧ ಪಾಲು ತೆಂಗಿನ ಹಾಲು, ಮೇಲೆ ಏಲಕ್ಕಿ. ಹುಳಿಯ ತಕರಾರೂ ಇಲ್ಲ. ನನ್ನ ಮಟ್ಟಿಗೆ ನಮ್ಮ ಜಿಲ್ಲೆಯ ಕಾಬ್ಲರ್ ಎಂದರೆ ಹಲಸಿನದೇ, ಮುಂಡಪ್ಪ ಅಲ್ಲ.

ಬಿಜೈ ಅಡುಗೆಮನೆ:

ಅದನ್ನು ಮಾತ್ರ ನಾನು ಒಪ್ಪುವುದಿಲ್ಲ! ಹಲಸು ಬೇಯುವಾಗ ಬೆಣ್ಣೆಯ ಪರಿಮಳವನ್ನೇ ನುಂಗುತ್ತದೆ. ಮುಂಡಪ್ಪ ಅದಕ್ಕೆ ಜಾಗ ಬಿಡುತ್ತದೆ.

ಸುರತ್ಕಲ್ ಸಂಜೆ:

ಬೇಕಿಂಗ್ ಪೌಡರ್ ಇಲ್ಲದಿದ್ದರೆ ಅಡುಗೆ ಸೋಡಾ ಅಷ್ಟೇ ಹಾಕಬಹುದೇ? ಎರಡೂ ಒಂದೇ ಅಲ್ಲವೇ? ಮೈದಾ ಬದಲು ಗೋಧಿ ಹಿಟ್ಟು ನಡೆಯುತ್ತದೆಯೇ? ನೇರಳೆ ಹಣ್ಣು ತಂದಿದ್ದೇನೆ.

ಬೆಳ್ತಂಗಡಿ ತೋಟ:

ಒಂದೇ ಅಲ್ಲ. ಸೋಡಾ ಉಬ್ಬಲು ಹುಳಿ ಬೇಕು, ಪೌಡರಿನಲ್ಲಿ ಹುಳಿ ಅಂಶ ಮೊದಲೇ ಸೇರಿದೆ. ಬರೀ ಹಾಲಿನ ಹಿಟ್ಟಿಗೆ ಒಂದೂವರೆ ಚಮಚ ಸೋಡಾ ಹಾಕಿದರೆ ಸಾಬೂನಿನ ರುಚಿ ಬರುತ್ತದೆ. ಹಾಲಿನ ಬದಲು ಹುಳಿ ಮಜ್ಜಿಗೆ ಇದ್ದರೆ ಅರ್ಧ ಚಮಚ ಸೋಡಾ ಸಾಕು. ನೇರಳೆಯನ್ನು ಬೀಡಿಗೆ ಹಾಕಬೇಡಿ, ಅದರ ಒಗರು ಕಬ್ಬಿಣಕ್ಕೆ ತಾಗಿದರೆ ಮಸಿಯಂತೆ ಕಪ್ಪಾಗುತ್ತದೆ. ಗೇರುಹಣ್ಣಿಗೂ ಇದೇ ಮಾತು. ಗಾಜಿನ ಪಾತ್ರೆಯಲ್ಲಿ ಮಾಡಿ.

ಉದ್ಯಾವರದ ಅಮ್ಮ:

ಗೋಧಿ ಹಿಟ್ಟು ಅರ್ಧಕ್ಕರ್ಧ ನಡೆಯುತ್ತದೆ. ಹಾಲು ನಾಲ್ಕು ಚಮಚ ಹೆಚ್ಚು ಬೇಕಾದೀತು.

ಬಂದರು ಹಾರ್ಡ್‌ವೇರ್:

ಹೊಸದಾಗಿ ಬಾಣಲೆ ಕೊಳ್ಳುವವರಿಗೆ ಒಂದು ಮಾತು. ಅಂಗಡಿಗೆ ಬರುವ ಮೊದಲು ಮನೆಯ ಓವನ್ನಿನ ಒಳಅಳತೆ ಹಿಡಿಯಿರಿ. 25 ಸೆಂ.ಮೀ. ಬಾಣಲೆಗೆ ಹಿಡಿ ಸೇರಿದರೆ ಸುಮಾರು 40 ಸೆಂ.ಮೀ. ಆಗುತ್ತದೆ, ಸಣ್ಣ ಓವನ್ನಿನ ಬಾಗಿಲು ಮುಚ್ಚುವುದಿಲ್ಲ. ಕೊಂಡುಹೋಗಿ ಮರಳಿ ತಂದವರು ಅನೇಕರು. ಹಿಡಿಯ ಬದಲು ಎರಡು ಕಿವಿ ಇರುವುದನ್ನು ಕೇಳಿ, ಇಲ್ಲವೇ 20 ಸೆಂ.ಮೀ.ಯದು ಕೊಳ್ಳಿ. ಅದಕ್ಕೆ ಬಿಜೈ ಅಕ್ಕನ ಅಳತೆಯ ಮೂರರಲ್ಲಿ ಎರಡು ಪಾಲು ಸರಿಹೋಗುತ್ತದೆ. ಹೊರಗೆ ತೆಗೆದ ಮೇಲೆ ಹಿಡಿಗೆ ಮಸಿಬಟ್ಟೆ ಸುತ್ತಿಯೇ ಇಡಿ. ಬಾಣಲೆ ಕಪ್ಪಗೆ ತಣ್ಣಗೆ ಕಾಣುತ್ತದೆ, ಅರ್ಧ ಗಂಟೆಯ ನಂತರವೂ ಕೈ ಸುಡುತ್ತದೆ.

ಬಿಜೈ ಅಡುಗೆಮನೆ:

ಹನ್ನೆರಡು ದಿನಗಳ ನಂತರ ಬರೆಯುತ್ತಿದ್ದೇನೆ. ಬಾಣಲೆಯನ್ನು ನಾಲ್ಕು ಸಲ ಪಳಗಿಸಿದೆ. ಎರಡನೆಯ ಸಲ ಎಣ್ಣೆ ಹೆಚ್ಚಾಗಿ ಅಂಟಿತು, ತಿಕ್ಕಿ ಮತ್ತೆ ಶುರು ಮಾಡಿದೆ. ಆಮೇಲೆ ವಾರವಿಡೀ ಅದರಲ್ಲಿ ದೋಸೆಯನ್ನೇ ಹೊಯ್ದೆ. ಈಗ ಒಳಗೆ ನೋಡಿದರೆ ಕಿಟಕಿಯ ಬೆಳಕು ಕಾಣುತ್ತದೆ.

ನಿನ್ನೆ ಸೆಂಟ್ರಲ್ ಮಾರ್ಕೆಟ್ ಕಡೆಯಿಂದ ಆಳವಾದ ಕಣ್ಣಿನ ಚಿಕ್ಕ ಅನಾನಸ್ ಎರಡು ತಂದೆ. ಸಕ್ಕರೆ ಬೆರೆಸಿ ಅರ್ಧ ಗಂಟೆ ಇಟ್ಟಾಗ ಒಂದು ಲೋಟ ರಸ ಬಿಟ್ಟಿತು. ಆ ಭಾನುವಾರ ಅಷ್ಟೂ ನೀರು ನನ್ನ ಹಿಟ್ಟಿಗೆ ಸೇರಿತ್ತು ಎಂದು ಆಗ ತಿಳಿಯಿತು. ಬತ್ತಿಸಿ, ಹೋಳು ಹಾಕಿ ಕುದಿಸಿ, ಎರಡು ಕಾಳು ಮೆಣಸು ಜಜ್ಜಿ ಹಾಕಿದೆ. ಹೋಳುಗಳನ್ನು ಗೋಡೆಯಿಂದ ಎರಡು ಬೆರಳು ದೂರ, ನಡುವೆ ಮಾತ್ರ ಹರಡಿದೆ. 50 ನಿಮಿಷಕ್ಕೆ ನಡು ಭಾಗ ಬೆಂದಿತ್ತು, ಕಡ್ಡಿ ಚುಚ್ಚಿದರೆ ಹಿಟ್ಟು ಅಂಟಲಿಲ್ಲ. ಬೂದು ಬಣ್ಣ ಎಲ್ಲಿಯೂ ಇಲ್ಲ, ಕಹಿಯೂ ಇಲ್ಲ. ಅಂಚು ಕಟ್ಟಿದ ಕಡೆ ಪಾಕ ಬೆಣ್ಣೆಯೊಂದಿಗೆ ಸೇರಿ ಚಿಕ್ಕಿಯ ಹಾಗೆ ಕಚ್ಚಿ ತಿನ್ನುವಂತಾಗಿತ್ತು. ಕಾಲು ಗಂಟೆ ತಣಿಸಿ ಬಡಿಸಿದೆ, ಬಿಸಿಯಲ್ಲೇ ತೆಗೆದರೆ ರಸ ಹರಿದು ಹೋಗುತ್ತದೆ. ಉಳಿದದ್ದನ್ನು ಆಗಲೇ ಸ್ಟೀಲ್ ಡಬ್ಬಿಗೆ ಹಾಕಿ ಬಾಣಲೆ ತೊಳೆದು ಕಾಯಿಸಿ ಎಣ್ಣೆ ಸವರಿ ಇಟ್ಟೆ.

ನಮ್ಮ ಮಾವನವರು ಸಿಹಿ ತಿನ್ನುವವರಲ್ಲ. ಎರಡನೆಯ ಬಟ್ಟಲು ಕೇಳಿ, ಇನ್ನೊಂದು ಸಲ ಮೆಣಸು ಸ್ವಲ್ಪ ಹೆಚ್ಚು ಹಾಕು ಎಂದರು.

ಮಣಿಪಾಲ ಬಾಡಿಗೆ ಕೋಣೆ:

ನಾನು ಒಲೆಯ ಮೇಲಿನದು ಮಾಡಿದೆ ಅಕ್ಕಾ, ನೇಂದ್ರ ಬಾಳೆಹಣ್ಣು ಮತ್ತು ಬೆಲ್ಲ ಹಾಕಿ. ಹತ್ತನೆಯ ನಿಮಿಷಕ್ಕೆ ಮುಚ್ಚಳ ತೆರೆದು ನೋಡಿಬಿಟ್ಟೆ, ಹಿಟ್ಟು ಕುಸಿಯಿತು. ಎರಡನೆಯ ಸಲ 15 ನಿಮಿಷ ಮುಟ್ಟಲಿಲ್ಲ, ಹತ್ತಿಯಂತೆ ಬಂತು. ಕೋಣೆಯ ನಾಲ್ವರೂ ಬಾಣಲೆಯಿಂದಲೇ ತಿಂದೆವು. ಬಾಣಲೆಯನ್ನು ನಾನೇ ತೊಳೆದೆ, ಯಾರಿಗೂ ಕೊಡಲಿಲ್ಲ.

ಪುತ್ತೂರಿನ ಹಲಸು:

ಮುಂದಿನ ವಾರ ನಮ್ಮ ಮರದ ಬಕ್ಕೆ ಹಣ್ಣಾಗುತ್ತದೆ. ಬಿಜೈ ಅಕ್ಕಾ, ಮಂಗಳೂರಿಗೆ ಬರುವ ಬಸ್ಸಿನಲ್ಲಿ ಅರ್ಧ ಹಣ್ಣು ಕಳಿಸುತ್ತೇನೆ, ಕೈಗೆ ಎಣ್ಣೆ ಸವರಿಕೊಂಡು ಬಿಡಿಸಿ. ಮಾಡಿ ತಿಂದ ಮೇಲೆ ಮುಂಡಪ್ಪದ ಮಾತು ಮತ್ತೆ ಆಡೋಣ.